ಸಾವಿರ ಮೀಟರಿಗೆ ನಲವತ್ತು ಕಡಿಮೆ

ಯುರೋಪಿನ ನಮ್ಮ ಟಿರೋಲ್ ಬೆಟ್ಟಗಳಲ್ಲಿ ಒಂದು ಪದ್ಧತಿಯಿದೆ. ಸಾವಿರ ಮೀಟರಿಗಿಂತ ಮೇಲೆ ಹೋದರೆ ಯಾರೂ ಯಾರಿಗೂ 'ನೀವು' ಎನ್ನುವಂತಿಲ್ಲ. ಕೆಳಗೆ ಜಿಲ್ಲಾ ನ್ಯಾಯಾಧೀಶರಾಗಿರಲಿ, ಹಲ್ಲು ಕೀಳುವ ಡಾಕ್ಟರಾಗಿರಲಿ, ಮೇಲೆ ಎಲ್ಲರೂ 'ನೀನು'. ಇದನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ಏದುಸಿರು ಬಿಡುವಾಗ ಮರ್ಯಾದೆಯ ಮಾತು ಉದ್ದವಾಗುತ್ತದೆಂದು ಯಾರೋ ಬುದ್ಧಿವಂತರು ಮಾಡಿರಬೇಕು.

ಹೋಲ್ಡರ್‌ಬಾಖ್ ಊರು ಇರುವುದು ಒಂಬೈನೂರ ಅರವತ್ತು ಮೀಟರ್ ಎತ್ತರದಲ್ಲಿ. ಈ ನಲವತ್ತು ಮೀಟರಿನ ಕೊರತೆ ಕಸ್ಸಿಯಾನ್ ಪ್ಲಾಟ್ನರನ ಬದುಕಿನ ದೊಡ್ಡ ತೊಂದರೆಯಾಗಿತ್ತು.

ಕಸ್ಸಿಯಾನನಿಗೆ ಅರವತ್ತಮೂರು ವರ್ಷ, ಮದುವೆಯಾಗಿರಲಿಲ್ಲ. ಮೂವತ್ತೆಂಟು ವರ್ಷ ಹಳದಿ ಸೈಕಲ್ಲಿನಲ್ಲಿ ಊರಿಗೆಲ್ಲ ಟಪಾಲು ಹಂಚಿ ಹಿಂದಿನ ವರ್ಷ ನಿವೃತ್ತನಾಗಿದ್ದ. ಅಂಚೆಯ ಟೋಪಿ ತಲೆಯ ಮೇಲಿರುವವರೆಗೆ ಊರಿನ ಎಲ್ಲ ಹೆಂಗಸರಿಗೂ 'ನೀವು' ಎನ್ನಬೇಕೆಂದು ಅವನ ನಿಯಮ. ಹಾಗಾಗಿ ಚರ್ಚಿನ ಹಿಂದಿನ ಬೀದಿಯ ನೋಟ್‌ಬುರ್ಗಾ ಟಾಲರಳಿಗೂ ಮೂವತ್ತು ವರ್ಷ, "ಫ್ರಾವ್ ಟಾಲರ್, ನಿಮಗೊಂದು ಕಾಗದ" ಎಂದೇ ಹೇಳುತ್ತ ಬಂದಿದ್ದ. ಮಳೆ ಬಂದ ದಿನ ಅವಳು ಒಣಗಿದ ಟವೆಲ್ ಕೈಗಿಟ್ಟು, "ಹೆರ್ ಪ್ಲಾಟ್ನರ್, ನೀವು ಪೂರ್ತಿ ನೆಂದಿದ್ದೀರಿ" ಎನ್ನುತ್ತಿದ್ದಳು. ಫ್ರಾವ್ ಎಂದರೆ ಶ್ರೀಮತಿ, ಹೆರ್ ಎಂದರೆ ಶ್ರೀಯುತರು. ಅವಳ ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಕಸ್ಸಿಯಾನನ ಟೋಪಿ ಹೋಗಿ ಒಂದು ವರ್ಷವಾಗಿತ್ತು. ಆದರೂ ಇಬ್ಬರ ನಡುವೆ ಆ 'ನೀವು' ಬೇಲಿಯಂತೆ ನಿಂತೇ ಇತ್ತು. ಇನ್ನು ಮೇಲೆ 'ನೀನು' ಎನ್ನೋಣವೇ ಎಂದು ಹೆಂಗಸೇ ಮೊದಲು ಕೇಳಬೇಕು. ಗಂಡಸು ಕೇಳಿದರೆ ಒರಟುತನ. ಇದೂ ಪದ್ಧತಿಯೇ.

ಆದರೆ ಬೇಸಿಗೆಯಲ್ಲಿ ನೋಟ್‌ಬುರ್ಗಾ ಬೆಟ್ಟದ ಮೇಲಿನ ತಂಗುಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಸಾವಿರದ ಎಂಟುನೂರ ಅರವತ್ತು ಮೀಟರ್. ಜೂನ್ ಒಂದರಂದು ಕಸ್ಸಿಯಾನ್ ಮೊದಲ ಸಲ ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತಾಗ, ಅವಳು ಒಲೆಯ ಮುಂದಿನಿಂದಲೇ ಕೂಗಿದ್ದಳು.

"ಏ ಕಸ್ಸಿ! ಅಲ್ಲೇ ಯಾಕೆ ನಿಂತೆ, ಒಳಗೆ ಬಾ. ಉಂಡೆ ಸೂಪ್ ತಿಂತೀಯಾ?"

ಬ್ರೆಡ್ಡು, ಹಂದಿಮಾಂಸ ಕಲಸಿ ಬೇಯಿಸಿದ ಉಂಡೆಗಳ ಆ ಸೂಪನ್ನು ಅವನು ಮೂರು ಬಟ್ಟಲು ತಿಂದ. ರುಚಿ ಹೇಗಿತ್ತೆಂದು ಕೇಳಿದ್ದರೆ ಅವನಿಗೆ ಹೇಳಲಾಗುತ್ತಿರಲಿಲ್ಲ.

ಮೇಲೆ ಹೋಗಲು ರೋಪ್‌ವೇ ಇತ್ತು. ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರನ್ನು ಹೊರುವ ಆ ಗಾಜಿನ ತೊಟ್ಟಿಲುಗಳು ಬೇಸಿಗೆಯಲ್ಲಿ ಸೈಕಲ್ಲಿನವರನ್ನು ಹೊರುತ್ತವೆ. ಮಂಡಿಗೆ, ಮೊಣಕೈಗೆ, ಎದೆಗೆ ಚಿಪ್ಪು ಕಟ್ಟಿಕೊಂಡು ಜೀರುಂಡೆಗಳಂತೆ ಬರುವ ಈ ಜನ, ತೊಟ್ಟಿಲಿನ ಹೊರಗಿನ ಕೊಕ್ಕೆಗೆ ಸೈಕಲ್ ನೇತುಹಾಕಿ ಮೇಲೆ ಹೋಗುತ್ತಾರೆ. ಅಲ್ಲಿಂದ ಬೇರು, ಬಂಡೆ, ಹಳ್ಳ ಎನ್ನದೆ ಧುಮುಕುತ್ತ ಕೆಳಗೆ ಬರುತ್ತಾರೆ. ಬಂದವರು ಸುಮ್ಮನಿರದೆ ಮತ್ತೆ ಮೇಲೆ ಹೋಗುತ್ತಾರೆ. ಈ ಇಳಿಜಾರಿನ ಹೊಸ ದಾರಿ ಕಸ್ಸಿಯಾನನ ಅಪ್ಪನ ಕಾಲದ ಎರಡು ತುಂಡು ಹುಲ್ಲುಗಾವಲನ್ನು ದಾಟಿ ಹೋಗುತ್ತಿತ್ತು. ಅದಕ್ಕೆ ಪ್ರತಿಯಾಗಿ ರೋಪ್‌ವೇಯವರು ಅವನಿಗೆ ಇಡೀ ಬೇಸಿಗೆಯ ಪಾಸು ಕೊಟ್ಟಿದ್ದರು. ಆದರೆ ಅದು ಸೈಕಲ್ಲಿನವರ ಪಾಸು. ಸೈಕಲ್ ಜೊತೆಗಿದ್ದರೆ ಮಾತ್ರ ಗೇಟು ಬಿಡುತ್ತಾರೆ.

ಕಸ್ಸಿಯಾನ್ ನಿಯಮ ಮುರಿಯುವವನಲ್ಲ. ನಿವೃತ್ತಿಯ ದಿನ ಉಡುಗೊರೆಯಾಗಿ ಸಿಕ್ಕಿದ್ದ ತನ್ನ ಹಳದಿ ಟಪಾಲು ಸೈಕಲ್ಲನ್ನೇ ತಂದ. ಇಪ್ಪತ್ತಾರು ಕಿಲೋ ತೂಕ, ಹ್ಯಾಂಡಲ್ಲಿಗೆ ದೊಡ್ಡ ಚರ್ಮದ ಚೀಲ, ಮೂರು ಬೀದಿಗೆ ಕೇಳುವ ಗಂಟೆ. ಅದನ್ನು ಕೊಕ್ಕೆಗೆ ಹಾಕಿ ಮೇಲೆ ಹೋಗುವುದು, ಮೇಲಿನ ನಿಲ್ದಾಣದ ಗೋಡೆಗೆ ಒರಗಿಸುವುದು, ಬುರ್ಗಿಯ (ಮೇಲೆ ನೋಟ್‌ಬುರ್ಗಾ ಅವನಿಗೆ ಬರೀ ಬುರ್ಗಿ) ಅಡುಗೆಮನೆಯಲ್ಲಿ ಕೂರುವುದು, ಮತ್ತೆ ಸೈಕಲ್ಲನ್ನು ಕೊಕ್ಕೆಗೆ ಹಾಕಿ ತೊಟ್ಟಿಲಿನಲ್ಲೇ ಕೆಳಗೆ ಬರುವುದು. ಇಳಿಯುವುದಕ್ಕೆ ಪಾಸು ತೋರಿಸಬೇಕಾಗಿರಲಿಲ್ಲ. ಕೆಳಗಿನ ನಿಲ್ದಾಣದಲ್ಲಿ ಇಳಿಯುವವರ ಬಾಗಿಲು ಹಿಂಭಾಗದಲ್ಲಿತ್ತು. ಅಲ್ಲಿ ಅಗ್ನಿಶಾಮಕ ದಳದ ಶೆಡ್ಡು ಬಿಟ್ಟರೆ ನೋಡುವವರು ಯಾರೂ ಇರಲಿಲ್ಲ. ಮೇಲಿನ ನಿಲ್ದಾಣ ನೋಡಿಕೊಳ್ಳುವ ವೆಂಡೆಲಿನ್ ಒಬ್ಬನಿಗೆ ಎಲ್ಲ ಗೊತ್ತಿತ್ತು. ವೆಂಡೆಲಿನ್ ದಿನಕ್ಕೆ ಆರು ಮಾತಿಗಿಂತ ಹೆಚ್ಚು ಆಡುವವನಲ್ಲ. ಮಳೆ ಬಂದಾಗ ಮಾತ್ರ ಯಾರೂ ಹೇಳದೆಯೇ ಆ ಸೈಕಲ್ಲಿನ ಸೀಟಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದ.

ಒಂದೇ ಸಲ ಹೋಗಿಬಂದಿದ್ದರೆ ಇಷ್ಟು ಕಥೆಯಾಗುತ್ತಿರಲಿಲ್ಲ. ಆದರೆ ಕಸ್ಸಿಯಾನ್ ತನ್ನ ಅಕ್ಕ ಜೀಟಾಳ ಜೊತೆ ಇದ್ದ. ಜೀಟಾಳ ಮನೆಯಲ್ಲಿ ಹನ್ನೆರಡು ಗಂಟೆ ಎಂದರೆ ಊಟ, ಚರ್ಚಿನ ಗಂಟೆಯೇ ಅವಳನ್ನು ನೋಡಿಕೊಂಡು ಹೊಡೆಯುತ್ತದೆಂದು ಊರಿನ ಮಾತು. ಆದ್ದರಿಂದ ಅವನು ಬೆಳಿಗ್ಗೆ ಹೋಗಿ ಊಟಕ್ಕೆ ಇಳಿಯುತ್ತಿದ್ದ. ಮಧ್ಯಾಹ್ನ ಬುರ್ಗಿಗೆ ಬೇಕಾದ ಈರುಳ್ಳಿಯೋ ಈಸ್ಟೋ ಕನ್ನಡಕದ ಸ್ಕ್ರೂವೋ ಹೊತ್ತು ಮತ್ತೆ ಹತ್ತುತ್ತಿದ್ದ. ಕೆಲವು ದಿನ ಮೂರನೆಯ ಸಲವೂ ಹೋಗುತ್ತಿದ್ದ. ಜೀಟಾಳಿಗೆ, "ಹುಲ್ಲುಗಾವಲು ನೋಡ್ಕೊಂಡು ಬರ್ತೀನಿ" ಎಂದಿದ್ದ. ಅದು ಸುಳ್ಳಲ್ಲ, ತೊಟ್ಟಿಲಿನ ಗಾಜಿನಿಂದ ಕಾಣುತ್ತಿತ್ತು. ನಿಜ ಹೇಳುವ ಹಾಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಊರಿನ ಬ್ಯಾಂಡಿನ ನೂರನೆಯ ವರ್ಷದ ಊಟಕ್ಕೆ ಇಬ್ಬರೂ ಉಂಡೆ ಮಾಡಿದ್ದರು. ಒಳ್ಳೆಯ ಉಂಡೆ ತೇಲಬೇಕೆಂದು ಊರಿನ ಲೆಕ್ಕ. ಬುರ್ಗಿಯ ಉಂಡೆಗಳು ಸೂಪಿನಲ್ಲಿ ತೇಲಿದವು, ಜೀಟಾಳವು ಮುಳುಗಿದವು. ಯಾರೋ ನಕ್ಕರು. ನಕ್ಕವಳು ಬುರ್ಗಿಯೇ ಎಂದು ಜೀಟಾ ತೀರ್ಮಾನಿಸಿದಳು. ಅಂದಿನಿಂದ ಆ ಮನೆಯಲ್ಲಿ ಬುರ್ಗಿಯ ಹೆಸರು ಎತ್ತುವಂತಿರಲಿಲ್ಲ.

ಜುಲೈ ಕೊನೆಯ ವಾರ ಒಂದು ಬೆಳಿಗ್ಗೆ ಜೀಟಾ ಬೇಕರಿಗೆ ಹೋದವಳು ಬ್ರೆಡ್ಡಿಲ್ಲದೆ ಬರಿಗೈಯಲ್ಲಿ ಬಂದಳು. ಹಾಗೆ ಆದದ್ದು ಅದೇ ಮೊದಲು.

"ಕೂತ್ಕೋ," ಎಂದಳು. ಕಸ್ಸಿಯಾನ್ ಕೂತೇ ಇದ್ದ. "ಹಾಗಾದ್ರೆ ಎದ್ದು ನಿಂತ್ಕೋ. ಮಂಡಿ ಮಡಚು. ಆ ಕಡೇದು. ನೋವಿದೆಯಾ?"

"ಇಲ್ಲ. ಯಾಕೆ?"

"ಯಾಕೇ ಅಂತೆ! ಊರಿಗೆ ಊರೇ ಬೋರ್ಡ್ ಮುಂದೆ ನಿಂತು ನಿನ್ನ ಹೆಸರು ಓದ್ತಾ ಇದೆ. ನನ್ನ ಹತ್ರ ಮಾತ್ರ ಹುಲ್ಲುಗಾವಲು, ಹುಲ್ಲುಗಾವಲು!"

ಅವನು ಹೋಗಿ ನೋಡಿದ. ರೋಪ್‌ವೇ ಮುಂದೆ ಆ ವಾರ ಹೊಸದಾಗಿ ಒಂದು ದೊಡ್ಡ ಬೆಳಕಿನ ಬೋರ್ಡು ನಿಲ್ಲಿಸಿದ್ದರು. ಮೇಲೆ, 'ಈ ಬೇಸಿಗೆಯ ಇಳಿಜಾರು ವೀರರು'. ಎರಡನೆಯ ಸ್ಥಾನದಲ್ಲಿ ಪಕ್ಕದ ಕಣಿವೆಯ ಇಪ್ಪತ್ತೆರಡು ವರ್ಷದ ಹುಡುಗಿ, ನೂರ ಹತ್ತೊಂಬತ್ತು ಇಳಿತ. ಮೊದಲನೆಯ ಸ್ಥಾನದಲ್ಲಿ: ಕ. ಪ್ಲಾಟ್ನರ್, ಅರವತ್ತಮೂರು ವರ್ಷ, ಹೋಲ್ಡರ್‌ಬಾಖ್, ನೂರ ನಲವತ್ತೆಂಟು ಇಳಿತ.

ಗೇಟಿನ ಯಂತ್ರ ತನ್ನ ಮಟ್ಟಿಗೆ ಸರಿಯಾಗಿಯೇ ಯೋಚಿಸಿತ್ತು. ಸೈಕಲ್ಲಿನ ಪಾಸಿನಲ್ಲಿ ಹತ್ತಿದವರು ಸೈಕಲ್ಲಿನಲ್ಲೇ ಇಳಿಯುತ್ತಾರೆ. ಹತ್ತಿದ ಸಲವೆಲ್ಲ ಇಳಿದ ಸಲ. ಬೇರೆ ರೀತಿಯ ಮನುಷ್ಯನೊಬ್ಬ ಇರಬಹುದೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಸ್ಸಿಯಾನ್ ಮನೆಗೆ ಬಂದು ಬಾಯಿ ತೆರೆದ. ನಾನು ಇಳಿದದ್ದು ತೊಟ್ಟಿಲಿನಲ್ಲಿ ಎಂದರೆ, ಹತ್ತಿದ್ದು ಯಾಕೆ ಎಂದು ಜೀಟಾ ಕೇಳುತ್ತಾಳೆ. ಅದಕ್ಕೆ ಉತ್ತರ ಹನ್ನೊಂದು ವರ್ಷದಿಂದ ಸೂಪಿನಲ್ಲಿ ತೇಲುತ್ತಿದೆ. ಅವನು ಬಾಯಿ ಮುಚ್ಚಿದ. ರಾತ್ರಿಯ ಊಟದಲ್ಲಿ ಅವನ ಬ್ರೆಡ್ಡಿನ ಮೇಲೆ ಬೆಣ್ಣೆ ಎಂದಿನ ಎರಡರಷ್ಟು ದಪ್ಪವಾಗಿತ್ತು. ಹಾಸಿಗೆಯ ಪಕ್ಕದಲ್ಲಿ ಮೈಗೆ ಉಜ್ಜುವ ಆರ್ನಿಕಾ ಎಣ್ಣೆಯ ಸೀಸೆ ಇತ್ತು. ಬೈಯುವುದನ್ನಂತೂ ಜೀಟಾ ನಿಲ್ಲಿಸಲಿಲ್ಲ. ಆದರೆ ಮರುದಿನ ಬೇಕರಿಯಲ್ಲಿ, "ನಮ್ಮಪ್ಪನ ಕಡೆಯವರೆಲ್ಲಾ ಹಾಗೇ, ಹೆದರಿಕೆ ಅನ್ನೋದೇ ಗೊತ್ತಿಲ್ಲ" ಎಂದು ಹೇಳಿದ್ದನ್ನು ನಾಲ್ಕು ಜನ ಕೇಳಿಸಿಕೊಂಡರು.

ಶುಕ್ರವಾರ ಸಂಜೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಹಳೆಯ ಗೆಳೆಯರೆಲ್ಲ ಅವನಿಗಾಗಿ ಕಾದಿದ್ದರು. ಊರಿನ ಮೇಯರ್ ಎಂಗೆಲ್‌ಬರ್ಟ್ ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

"ಬಾರಯ್ಯಾ ವೀರ! ನಮಗೆ ಒಂದು ಮಾತೂ ಹೇಳಲಿಲ್ಲವಲ್ಲೋ!"

"ಅದು ನೀವಂದುಕೊಂಡ ಹಾಗಲ್ಲ," ಎಂದ ಕಸ್ಸಿಯಾನ್.

"ನೋಡಿ, ನೋಡಿ! ಎಷ್ಟು ವಿನಯ!" ಎಂದು ಮೇಯರ್ ಮೇಜು ಗುದ್ದಿದ. "ಅದಿರಲಿ, ಆ ಟಪಾಲು ಸೈಕಲ್ಲಲ್ಲೇ?"

"ಬೇರೆ ಸೈಕಲ್ ಇಲ್ಲವಲ್ಲ ನನ್ನ ಹತ್ರ."

ಮೇಜಿನ ಸುತ್ತ ಎಲ್ಲರೂ ಒಮ್ಮೆ ಉಸಿರೆಳೆದುಕೊಂಡರು. ಅದೇ ಮೇಜಿನಲ್ಲಿದ್ದ ಊರಿನ ಡಾಕ್ಟರು ಮುಂದೆ ಬಗ್ಗಿದರು. "ಮೇಲಿಂದ ಕೆಳಗೆ ಎಷ್ಟು ಹೊತ್ತು ಬೇಕು ನಿನಗೆ?"

ಸುಳ್ಳು ಹೇಳುವುದು ಕಸ್ಸಿಯಾನನಿಗೆ ಬರುತ್ತಿರಲಿಲ್ಲ. "ಹನ್ನೊಂದು ನಿಮಿಷ."

"ಪ್ರತಿ ಸಲ?"

"ಪ್ರತಿ ಸಲ. ಗಾಳಿ ಜೋರಾಗಿದ್ರೆ ಹದಿಮೂರು."

"ಬ್ರೇಕ್?"

"ಮುಟ್ಟೋದೇ ಇಲ್ಲ."

"ಅಯ್ಯೋ ದೇವರೇ! ಯಾವತ್ತಾದ್ರೂ ಬಿದ್ದಿದ್ದೀಯಾ?"

"ಇಲ್ಲಪ್ಪ. ಒಂದ್ಸಲ ಸಿಡಿಲು ಬಂದಾಗ ಅರ್ಧ ದಾರೀಲಿ ನಿಂತುಹೋಗಿತ್ತು, ಇಪ್ಪತ್ತು ನಿಮಿಷ."

"ಸಿಡಿಲು ಬರ್ತಿರುವಾಗ! ಏನು ಮಾಡಿದೆ?"

"ಕೂತಿದ್ದೆ. ಚೀಲದಲ್ಲಿ ಪೇಪರ್ ಇತ್ತು, ಓದಿದೆ."

ಡಾಕ್ಟರು ತಮ್ಮ ಬಿಯರನ್ನು ಅವನ ಮುಂದೆ ಸರಿಸಿದರು. ಅಷ್ಟು ಜನ ತನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಕಸ್ಸಿಯಾನನಿಗೆ ಹೊಸದು. ಟಪಾಲು ತಂದವನ ಮುಖವನ್ನು ಜನ ನೋಡುವುದಿಲ್ಲ, ಕೈ ನೋಡುತ್ತಾರೆ. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೀಸೆಯ ತುದಿಗೆ ಕೈ ಹೋಯಿತು. ಆಗಲೇ ಎಲ್ಲ ಬಿಡಿಸಿ ಹೇಳಿಬಿಡಬಹುದಿತ್ತು. ಆ ಒಂದು ಕ್ಷಣದ ನೆಟ್ಟನೆಯ ಬೆನ್ನಿಗೆ ಅವನು ಮುಂದೆ ಮೂರು ವಾರ ದಂಡ ತೆತ್ತ.

ಮೇಯರ್ ಅಲ್ಲೇ ಘೋಷಿಸಿಬಿಟ್ಟ. "ಆಗಸ್ಟ್ ಇಪ್ಪತ್ತಕ್ಕೆ ಕಣಿವೆ ಕಪ್. ದಾರಿ ತೆರೆಯೋನು ನಮ್ಮ ಕಸ್ಸಿಯಾನ್! ಬೋರ್ಡಲ್ಲಿ ಮೊದಲಿರೋರು ಮೊದಲು ಇಳೀಬೇಕು, ಆಮೇಲೆ ಸ್ಪರ್ಧೆ. ಪಕ್ಕದ ಕಣಿವೆಯವರು ಸುಳ್ಳು ಲೆಕ್ಕ ಅಂತ ಆಗಲೇ ಗೊಣಗ್ತಿದ್ದಾರೆ. ಕಣ್ಣಾರೆ ನೋಡಲಿ!"

"ನನ್ನಿಂದ ಆಗಲ್ಲ ಎಂಗೆಲ್‌ಬರ್ಟ್."

"ಗೊತ್ತು, ಗೊತ್ತು. ದೊಡ್ಡೋರು ಹೀಗೇ ಹೇಳೋದು."

ಅಲ್ಲಿಂದಾಚೆ ಅವನು ಏನು ಹೇಳಿದರೂ ಒಂದೇ ಆಯಿತು. ಚಿಪ್ಪು ಕಟ್ಟಿದ ಹುಡುಗರು ಅವನಿಗೆ ಸರತಿಯಲ್ಲಿ ಮುಂದಿನ ಜಾಗ ಬಿಟ್ಟುಕೊಟ್ಟರು. ಇಪ್ಪತ್ತಾರು ಕಿಲೋ ಸೈಕಲ್ಲನ್ನು ಇಬ್ಬಿಬ್ಬರು ಸೇರಿ ಕೊಕ್ಕೆಗೆ ಹಾಕಿಕೊಟ್ಟರು. ದಾಡಿಯ ಒಬ್ಬ ಜರ್ಮನ್ ತನ್ನ ಸಾಸೇಜಿನಲ್ಲಿ ಅರ್ಧ ಮುರಿದುಕೊಟ್ಟು, "ತಾತ, ಮೊದಲ ನೆಗೆತದಲ್ಲಿ ಮೈಯ ಭಾರ ಎಲ್ಲಿಡಬೇಕು?" ಎಂದು ಕೇಳಿದ. "ಬೆಂಚಿನ ಮೇಲೆ" ಎಂದ ಕಸ್ಸಿಯಾನ್. ಜರ್ಮನ್ ಅದನ್ನು ಬಹಳ ಹೊತ್ತು ಯೋಚಿಸಿದ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಸುದ್ದಿ ಬೆಟ್ಟ ಹತ್ತಿತು.

ಸೋಮವಾರ ಅವನು ಒಂದು ಕಟ್ಟು ಈರುಳ್ಳಿಸೊಪ್ಪು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಾಗ, ಬುರ್ಗಿ ಒಬ್ಬ ಸೈಕಲ್ಲಿನವನ ಮಂಡಿಗೆ ಬ್ಯಾಂಡೇಜು ಸುತ್ತುತ್ತಿದ್ದಳು. ಆ ಬೇಸಿಗೆ ಅದು ಅವಳ ಎರಡನೆಯ ಕೆಲಸವಾಗಿತ್ತು. ಕತ್ತರಿಯಿಂದ ಪಟ್ಟಿ ಕತ್ತರಿಸಿ, ಅವನ ಕಡೆ ತಿರುಗಿದಳು.

"ಬನ್ನಿ, ಹೆರ್ ಪ್ಲಾಟ್ನರ್."

ಕಸ್ಸಿಯಾನ್ ಹಿಂತಿರುಗಿ ನೋಡಿದ. ಹಿಂದೆ ಬೇರೆ ಯಾವ ಪ್ಲಾಟ್ನರನೂ ಇರಲಿಲ್ಲ. ಅವನಿಗೆ ಒಂದು ಕ್ಷಣ ತಾನು ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಎತ್ತರ ಬರೆದ ಹಲಗೆ ಗೋಡೆಯ ಮೇಲೆ ಅಲ್ಲೇ ಇತ್ತು: ಸಾವಿರದ ಎಂಟುನೂರ ಅರವತ್ತು.

"ಬುರ್ಗಿ, ಇದು ಮೇಲೆ ಅಲ್ವಾ?"

"ಹೌದು. ಆದರೆ ನನ್ನ ಅಡುಗೆಮನೆಗೆ ಅರ್ಧ ಯುರೋಪಿನ ಮಂಡಿ ಬಂದು ಹೋಗಿದೆ. ಹುಡುಗರಾದ್ರೆ ಬುದ್ಧಿಯಿಲ್ಲ, ಬಿಡಿ. ನಿಮಗೆ? ಅರವತ್ತಮೂರಕ್ಕೆ? ಬ್ರೇಕ್ ಮುಟ್ಟೋದೇ ಇಲ್ವಂತೆ! ಸಿಡಿಲಲ್ಲಿ ಪೇಪರ್ ಓದ್ತೀರಂತೆ!"

"ಇಲ್ಲ ಬುರ್ಗಿ, ನಾನು ಲಿಫ್ಟಲ್ಲೇ, ಆ ತೊಟ್ಟಿಲಲ್ಲೇ ಇಳಿಯೋದು."

"ಸುಳ್ಳು ಬೇರೆ! ದಾರಿ ಹೋಗೋದು ಈ ಕಿಟಕಿ ಕೆಳಗೇ. ನೀವು ಎದ್ದು ಹೋದ ಕೂಡಲೇ ದಿನಾ ಇಲ್ಲಿ ನಿಂತು ನೋಡ್ತೀನಿ. ಒಂದು ದಿನ ಕಣ್ಣಿಗೆ ಬೀಳಲಿಲ್ಲ. ಅಷ್ಟು ವೇಗನಾ?"

ಅವಳು ದಿನಾ ಕಿಟಕಿಯಲ್ಲಿ ನಿಂತು ನೋಡುತ್ತಾಳೆ ಎಂಬುದಷ್ಟೇ ಕಸ್ಸಿಯಾನನ ಕಿವಿಗೆ ಬಿತ್ತು. ಉಳಿದದ್ದನ್ನು ಅವನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

"ಲಿಫ್ಟಲ್ಲಿ ಇಳಿಯೋರಿಗೆ ಸೈಕಲ್ ಯಾಕೆ?" ಎಂದು ಅವಳು ಕೇಳಿದಳು.

"ಪಾಸಿಗೆ."

"ಪಾಸ್ ಯಾಕೆ?"

"ಮೇಲೆ ಬರೋದಕ್ಕೆ."

"ಮೇಲೆ ಯಾಕೆ?"

ಕಸ್ಸಿಯಾನ್ ಕೈಯಲ್ಲಿದ್ದ ಈರುಳ್ಳಿಸೊಪ್ಪನ್ನು ನೋಡಿದ. ಮಂಡಿಗೆ ಪಟ್ಟಿ ಕಟ್ಟಿಸಿಕೊಂಡವನು ಸಭ್ಯ ಮನುಷ್ಯ, ಎದ್ದು ಕುಂಟುತ್ತ ಹೊರಗೆ ಹೋದ.

"ಸೂಪಿಗೆ," ಎಂದ ಕೊನೆಗೆ.

"ಸೂಪ್ ನಿಮ್ಮ ಅಕ್ಕನೂ ಮಾಡ್ತಾರೆ, ಹೆರ್ ಪ್ಲಾಟ್ನರ್." ಅವಳು ಒಂದು ಬಟ್ಟಲು ಸೂಪು ತಂದು ಮುಂದಿಟ್ಟಳು. ಯಾರನ್ನೂ ಹಸಿದು ಕಳಿಸುವವಳಲ್ಲ. "ಆ ಆಟ ಬಿಡೋವರೆಗೆ ನಮ್ಮಿಬ್ಬರದು ನೀವು-ನೀವೇ. ನಾಳೆ ನಿಮ್ಮನ್ನ ಸ್ಟ್ರೆಚರಲ್ಲಿ ಹೊತ್ತು ತಂದ್ರೆ, ನೀನು ಅಂದಿದ್ದೆನಲ್ಲಾ ಅಂತ ನಾನು ಅಳಬಾರದು ನೋಡಿ."

ಸೂಪಿನಲ್ಲಿ ಅಂದೂ ಬೇರೆಯವರಿಗೆ ಹಾಕುವ ಎರಡರ ಬದಲು ಮೂರು ಉಂಡೆ ಇದ್ದವು. ಆದರೆ ಕಸ್ಸಿಯಾನನಿಗೆ ಅದು ಕಾಣಲಿಲ್ಲ.

ಆ ಮೂರು ವಾರ ಅವನು ದಿನಾ ಹೋದ, ದಿನಾ 'ನೀವು' ಅನ್ನಿಸಿಕೊಂಡ. ಬೋರ್ಡಿನ ಸಂಖ್ಯೆ ಇನ್ನೂರ ಹನ್ನೊಂದಕ್ಕೆ ಏರಿತು. ಮೇಲೆ ಹೋಗುವುದನ್ನು ಬಿಟ್ಟರೆ ಬುರ್ಗಿ ಕಾಣುವುದಿಲ್ಲ. ಹೋದರೆ ಇಳಿದ ಲೆಕ್ಕ. ಇಳಿದಷ್ಟೂ ಅವಳಿಗೆ ಸಿಟ್ಟು. ಎತ್ತ ತಿರುಗಿದರೂ ಗೋಡೆ.

ಕಣಿವೆ ಕಪ್ಪಿನ ಭಾನುವಾರ ಬಂತು. ಊರಿನ ಬ್ಯಾಂಡು, ಕೆಂಪು ಬಿಳಿ ರಿಬ್ಬನ್ನು, ಅಗ್ನಿಶಾಮಕ ದಳದ ಹದಿನೆಂಟು ಜನ, ಎರಡು ಸ್ಟ್ರೆಚರು. ಮೊದಲ ನೆಗೆತದ ಹತ್ತಿರ ಕ್ಯಾಮೆರಾ ಇಟ್ಟು, ಕೆಳಗೆ ಬೋರ್ಡಿನ ಪರದೆಯಲ್ಲಿ ತೋರಿಸುವ ಏರ್ಪಾಡು. ಜೀಟಾ ಚರ್ಚಿನಲ್ಲಿ ಪೂಜೆ ಮಾಡಿಸಿದ ಒಂದು ಹಿಡಿ ಸೊಪ್ಪಿನ ಕಟ್ಟನ್ನು ಹ್ಯಾಂಡಲ್ಲಿಗೆ ಕಟ್ಟಿದಳು.

"ಹನ್ನೆರಡಕ್ಕೆ ಊಟ. ಮುರ್ಕೊಂಡು ಬಂದ್ರೂ ಹನ್ನೆರಡಕ್ಕೆ," ಎಂದಳು. ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಹನ್ನೊಂದೂವರೆ ಗಂಟೆಗೆ ಕಸ್ಸಿಯಾನ್ ಮೇಲಿನ ನಿಲ್ದಾಣದ ಹೊರಗೆ, ಇಳಿಜಾರಿನ ತುದಿಯಲ್ಲಿ ನಿಂತಿದ್ದ. ಎದೆಯ ಮೇಲೆ ಒಂದನೆಯ ನಂಬರು, ತಲೆಯ ಮೇಲೆ ಯಾರದೋ ಹೆಲ್ಮೆಟ್ಟು. ಸ್ಪರ್ಧಿಗಳೆಲ್ಲ ಇನ್ನೂ ಕೆಳಗಿದ್ದರು. ಮೇಲೆ ಇದ್ದದ್ದು ವಾಕಿಟಾಕಿ ಹಿಡಿದ ವೆಂಡೆಲಿನ್ ಒಬ್ಬನೇ.

ಕಸ್ಸಿಯಾನ್ ಕೆಳಗೆ ಇಣುಕಿದ. ದಾರಿ ಎರಡು ಮಾರು ಮುಂದೆ ಹೋಗಿ ಕಾಣೆಯಾಗುತ್ತಿತ್ತು.

"ವೆಂಡೆಲಿನ್, ನಾನು ಇಳಿಯಲ್ಲ."

"ಸರಿ," ಎಂದ ವೆಂಡೆಲಿನ್.

"ಕೆಳಗೆ ಎಲ್ಲಾ ಕಾಯ್ತಿದ್ದಾರೆ."

"ಹೌದು."

"ನಿಜ ಹೇಳಿಬಿಡ್ತೀನಿ. ಪಾಸ್ ಕಿತ್ಕೊಂಡ್ರೆ ಕಿತ್ಕೊಳ್ಳಲಿ."

ಇಷ್ಟು ಹೇಳಿ ಅವನು ಹಗುರಾದ. ಹೆಲ್ಮೆಟ್ಟು ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿದ. ಕರವಸ್ತ್ರದಿಂದ ಬೆವರೊರೆಸಿಕೊಳ್ಳಲು ಎರಡೂ ಕೈ ಬೇಕಾಯಿತು. ಮೂವತ್ತೆಂಟು ವರ್ಷ ಊರಿನ ಸಮತಟ್ಟು ಬೀದಿಗಳಲ್ಲಿ ಬಿಟ್ಟಲ್ಲೇ ನಿಂತು ಅಭ್ಯಾಸವಾಗಿದ್ದ ಸೈಕಲ್ಲು, ಇಲ್ಲಿ ನಿಲ್ಲಲಿಲ್ಲ. ಒಮ್ಮೆ ತೂಗಾಡಿ, ಗಂಟೆ ಟಿಣ್ ಎನಿಸಿ, ತುದಿ ದಾಟಿತು.

"ಅಯ್ಯೋ! ಹೋಯ್ತು! ಹೋಯ್ತಲ್ಲಪ್ಪಾ!" ಎಂದು ವೆಂಡೆಲಿನ್ ಕೂಗಿಕೊಂಡು ಅದರ ಹಿಂದೆ ಓಡಿದ. ಓಡುವಾಗ ಒತ್ತಿಹಿಡಿದಿದ್ದ ವಾಕಿಟಾಕಿ ಕೈಜಾರಿ ಹುಲ್ಲಿನಲ್ಲಿ ಬಿತ್ತು.

ಕೆಳಗೆ ಧ್ವನಿವರ್ಧಕದಲ್ಲಿ ಊರಿಗೆ ಕೇಳಿಸಿದ್ದು ಅಷ್ಟೇ: ಅಯ್ಯೋ, ಹೋಯ್ತು, ಹೋಯ್ತಲ್ಲಪ್ಪಾ. ಆಮೇಲೆ ನಿಶ್ಶಬ್ದ. ಮರುಕ್ಷಣ ಪರದೆಯ ಮೇಲೆ ಹಳದಿ ಸೈಕಲ್ಲು ಮೊದಲ ನೆಗೆತದಿಂದ ಆಕಾಶಕ್ಕೆ ಹಾರಿತು. ಹ್ಯಾಂಡಲ್ಲಿನಲ್ಲಿ ಹೆಲ್ಮೆಟ್ಟು, ಸೊಪ್ಪಿನ ಕಟ್ಟು, ಚರ್ಮದ ಚೀಲ ಎಲ್ಲ ಇದ್ದವು. ನಡುವೆ ಇರಬೇಕಾದವನು ಮಾತ್ರ ಇರಲಿಲ್ಲ.

ಬ್ಯಾಂಡಿನ ತುತ್ತೂರಿಯವನು ಊದುತ್ತಿದ್ದುದನ್ನು ನಿಲ್ಲಿಸಲು ಮರೆತು ಒಂದೇ ಸ್ವರ ಹಿಡಿದುಬಿಟ್ಟ.

ಇತ್ತ ಮೇಲೆ ಕಸ್ಸಿಯಾನ್ ಒಬ್ಬನೇ ನಿಂತಿದ್ದ. ವೆಂಡೆಲಿನ್ ಇಲ್ಲ, ಸೈಕಲ್ಲಿಲ್ಲ. ಏನು ಮಾಡಬೇಕೆಂದು ತಿಳಿಯದಾದಾಗ ಮನುಷ್ಯ ದಿನಾ ಮಾಡುವುದನ್ನೇ ಮಾಡುತ್ತಾನೆ. ಅವನು ನಿಲ್ದಾಣದೊಳಗೆ ನಡೆದು, ಬಂದ ತೊಟ್ಟಿಲಿನಲ್ಲಿ ಕೂತ. ಹನ್ನೊಂದು ನಿಮಿಷದ ಮೇಲೆ ಹಿಂಬಾಗಿಲಿನಿಂದ ಹೊರಬಂದ.

ಚೌಕದಲ್ಲಿ ಎಲ್ಲರೂ ಬೆಟ್ಟದ ಕಡೆ ಮುಖಮಾಡಿ ನಿಂತಿದ್ದರು. ಕೆಲವರು ಅಳುತ್ತಿದ್ದರು. ಮೇಯರ್ ಟೋಪಿ ತೆಗೆದು ಗದ್ಗದವಾಗಿ ಮಾತಾಡುತ್ತಿದ್ದ. "ಆ ನೆಗೆತಕ್ಕೆ ಅವನ ಹೆಸರೇ ಇಡೋಣ. ಮಳೆಯಿರಲಿ, ಹಿಮವಿರಲಿ, ಒಂದು ಕಾಗದ ತಪ್ಪಿಸಿದವನಲ್ಲ!"

ಅಗ್ನಿಶಾಮಕ ದಳದ ನಾಯಕ ದುರ್ಬೀನಿನಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೂಗಿದ. "ಯಾರಯ್ಯಾ ಅಲ್ಲಿ, ಈ ಸ್ಟ್ರೆಚರ್ ಆ ತುದಿ ಹಿಡ್ಕೋ!"

ಕಸ್ಸಿಯಾನ್ ಸಹಾಯ ಕೇಳಿದರೆ ಇಲ್ಲ ಎನ್ನುವವನಲ್ಲ. ಹಿಡಿದುಕೊಂಡ. "ಯಾರಿಗೆ ಏನಾಯ್ತು?"

"ಕಸ್ಸಿಯಾನ್ ಕಣಯ್ಯಾ. ಸೈಕಲ್ ಸಿಕ್ಕಿದೆ, ಅವನ ಹುಲ್ಲುಗಾವಲಲ್ಲೇ ಹುಲ್ಲಿನ ಮೆದೆಗೆ ನುಗ್ಗಿ ನಿಂತಿದೆಯಂತೆ. ಆಳು ಇಲ್ಲ."

"ಅಯ್ಯೋ ಪಾಪ," ಎಂದ ಕಸ್ಸಿಯಾನ್. ಎರಡು ಹೆಜ್ಜೆ ಹಾಕಿದ ಮೇಲೆ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. "ಯಾವ ಕಸ್ಸಿಯಾನ್?"

ಅಷ್ಟರಲ್ಲಿ ರೋಪ್‌ವೇಯ ಹಿಂಬಾಗಿಲು ಧಡಾರನೆ ತೆರೆದುಕೊಂಡಿತು. ಬುರ್ಗಿ. ಏಪ್ರನ್ನಿನಲ್ಲೇ, ಕೈಯಲ್ಲಿ ಸೂಪಿನ ಸೌಟು ಹಾಗೇ ಇತ್ತು. ಅವಳ ಕಿಟಕಿಯ ಕೆಳಗೆ ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ಹಳದಿ ಸೈಕಲ್ಲು ಹಾದುಹೋಗಿತ್ತು. ಖಾಲಿ ಸೀಟಿನ ಸಮೇತ. ಒಲೆಯನ್ನು ಹಾಗೇ ಬಿಟ್ಟು, ಅವನ ಹಿಂದಿನ ಮೂರನೆಯ ತೊಟ್ಟಿಲಿನಲ್ಲಿ ಅವಳು ಬಂದಿದ್ದಳು.

ಊರೆಲ್ಲ ಬೆಟ್ಟ ನೋಡುತ್ತಿದ್ದಾಗ ಅವಳೊಬ್ಬಳು ನೆಲ ನೋಡಿದಳು. ಸ್ಟ್ರೆಚರಿನ ತುದಿ ಹಿಡಿದು ಬಾಯಿ ತೆರೆದು ನಿಂತವನನ್ನು ನೋಡಿದಳು.

"ಕಸ್ಸಿ! ನೀನು ಇಲ್ಲಿದ್ದೀಯಾ! ಏ ದಡ್ಡ, ನೀನು ಬದುಕಿದ್ದೀಯಾ! ನಿನ್ನ ಕೈ ಎಲ್ಲಿ? ಕಾಲು? ನನ್ನನ್ನ ಹೀಗೆ ಹೆದರಿಸ್ತೀಯಾ ನೀನು?"

ತುತ್ತೂರಿ ನಿಂತಿತು. ಇಡೀ ಊರು ಹಿಂದೆ ತಿರುಗಿತು. ಮೇಯರನ ಟೋಪಿ ಕೈಯಿಂದ ಬಿತ್ತು. ಒಂಬೈನೂರ ಅರವತ್ತು ಮೀಟರ್ ಎತ್ತರದಲ್ಲಿ, ಹಗಲು ಹೊತ್ತಿನಲ್ಲಿ, ಬ್ಯಾಂಡಿನವರ ಎದುರು ಆ ಮಾತು ನಾಲ್ಕು ಸಲ ಕೇಳಿಸಿತ್ತು.

ಕಸ್ಸಿಯಾನ್ ಸ್ಟ್ರೆಚರನ್ನು ಮೆಲ್ಲಗೆ ಕೆಳಗಿಟ್ಟ. "ನಾನು ಲಿಫ್ಟಲ್ಲಿ ಬಂದೆ," ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇನ್ನೂರ ಹನ್ನೊಂದು ಸಲಾನೂ ಲಿಫ್ಟಲ್ಲೇ ಬಂದಿದ್ದು. ಬೇಕಾದ್ರೆ ವೆಂಡೆಲಿನ್‌ನ ಕೇಳಿ."

ಹುಲ್ಲು ಮೆತ್ತಿದ ಬಟ್ಟೆಯಲ್ಲಿ ವೆಂಡೆಲಿನ್ ಆಗಷ್ಟೇ ಇಳಿದು ಬಂದಿದ್ದ. ಅವನ ಜೊತೆ ಪಕ್ಕದ ಕಣಿವೆಯ ಆ ಹುಡುಗಿ ಹಳದಿ ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದಳು. ದಾರಿಯಲ್ಲಿ ಸೊಟ್ಟಗಾದ ಗಂಟೆಯನ್ನು ನೆಟ್ಟಗೆ ಮಾಡಿಟ್ಟಿದ್ದಳು.

"ನಿನಗೆ ಎಲ್ಲಾ ಗೊತ್ತಿತ್ತಾ?" ಎಂದು ಮೇಯರ್ ವೆಂಡೆಲಿನ್ನನ ಮೇಲೆ ಹರಿಹಾಯ್ದ. "ಮೊದಲೇ ಯಾಕಯ್ಯಾ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ," ಎಂದ ವೆಂಡೆಲಿನ್.

"ಮತ್ತೆ ಇನ್ನೂರ ಹನ್ನೊಂದು ಸಲ ಮೇಲೆ ಹೋಗಿದ್ದು ಯಾಕೆ? ಮೇಲೆ ಏನಿದೆ?"

ಎಲ್ಲರ ಕಣ್ಣೂ ಮೊದಲು ಸೌಟಿನ ಮೇಲೆ, ಆಮೇಲೆ ಅದನ್ನು ಹಿಡಿದವಳ ಮೇಲೆ ಹೋಯಿತು. ಬುರ್ಗಿಯ ಕಿವಿಯವರೆಗೂ ಕೆಂಪೇರಿತು. ಡಾಕ್ಟರು ಮೇಯರನ ತೋಳು ಹಿಡಿದು, "ಎಂಗೆಲ್‌ಬರ್ಟ್, ಸಾಕು, ಸ್ಪರ್ಧೆ ಶುರುಮಾಡು" ಎಂದರು.

ಜನ ದಾರಿ ಬಿಟ್ಟರು. ಆ ದಾರಿಯಲ್ಲಿ ಜೀಟಾ ನಡೆದುಬಂದಳು. ಕಣ್ಣು ಒದ್ದೆಯಾಗಿತ್ತು, ತುಟಿ ಬಿಗಿಯಾಗಿತ್ತು. ತಮ್ಮನನ್ನು ನೋಡಿದಳು. ಬುರ್ಗಿಯನ್ನು ನೋಡಿದಳು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಸರಿಯಾಗಿ ನೋಡಿದಳು. ಬುರ್ಗಿಯ ಕಾಲಿನಲ್ಲಿ ಅಡುಗೆಮನೆಯ ಚಪ್ಪಲಿ, ಅದರಲ್ಲೂ ಒಂದು ಇರಲಿಲ್ಲ.

ಚರ್ಚಿನ ಗಂಟೆ ಹನ್ನೆರಡು ಹೊಡೆಯತೊಡಗಿತು.

"ಊಟ ಆರುತ್ತೆ," ಎಂದಳು ಜೀಟಾ. ಆಮೇಲೆ ಬುರ್ಗಿಯ ಬರಿಗಾಲಿನ ಕಡೆ ಕೈ ತೋರಿಸಿ, "ಫ್ರಾವ್ ಟಾಲರ್, ನೀವೂ ಬನ್ನಿ. ಕಾಲಿಗೆ ಏನಾದ್ರೂ ಹಾಕ್ಕೋಬೇಕು," ಎಂದಳು.

ಮನೆಯಲ್ಲಿ ಮೂರು ತಟ್ಟೆ ಇಟ್ಟಳು. ಬುರ್ಗಿಗೆ ತನ್ನ ಉಣ್ಣೆಯ ಚಪ್ಪಲಿ ಕೊಟ್ಟಳು. ಜೀಟಾ ಬಟ್ಟಲಿಗೆ ಬಿಸಿ ಸೂಪು ಹಾಕಿ, ಅದರಲ್ಲಿ ಒಂದು ಉಂಡೆಯನ್ನು ಜೋಪಾನವಾಗಿ ಇಳಿಸಿದಳು. ಮೂವರೂ ಬಗ್ಗಿ ನೋಡಿದರು.

ಉಂಡೆ ಒಂದು ಕ್ಷಣ ಯೋಚಿಸಿತು. ಆಮೇಲೆ ನೇರವಾಗಿ ತಳ ಸೇರಿತು.

ಕಸ್ಸಿಯಾನ್ ಬುರ್ಗಿಯ ಮುಖ ನೋಡಿದ. ವೀರನ ಹೆಸರು ಹೋಗಿತ್ತು, ಪಾಸು ನಾಳೆಯೇ ಹೋಗುವುದಿತ್ತು. ಅದ್ಯಾವುದೂ ಅವನ ತಲೆಯಲ್ಲಿರಲಿಲ್ಲ. ಬುರ್ಗಿ ಚಮಚ ಮುಳುಗಿಸಿ ಆ ಉಂಡೆಯನ್ನು ಮೇಲೆತ್ತಿದಳು, ಅರ್ಧ ಮುರಿದು ತಿಂದಳು, ನಿಧಾನವಾಗಿ ಅಗಿದಳು, ಉಳಿದರ್ಧವನ್ನೂ ತಿಂದಳು. ಬಟ್ಟಲನ್ನು ಮೇಜಿನ ಆಚೆ ಬದಿಗೆ ತಳ್ಳಿದಳು.

"ತೇಲೋದೆಲ್ಲಾ ಒಳಗೆ ಟೊಳ್ಳು. ಇದರಲ್ಲಿ ಹಂದಿಮಾಂಸ ಎಷ್ಟು ಧಾರಾಳವಾಗಿದೆ! ಜೀಟಾ, ನನಗೆ ಇನ್ನೊಂದು ಹಾಕು."

ಜೀಟಾ ಸೌಟು ಹಿಡಿದು ನಿಂತೇ ಇದ್ದಳು. ಹೊರಗೆ ಬ್ಯಾಂಡು ಮತ್ತೆ ಶುರುವಾಯಿತು. ಅವಳು ಎರಡು ಹಾಕಿದಳು.